ಅಡಿ ಲೆಕ್ಕದ ನೀರು, ಮಳೆ ಲೆಕ್ಕದ ಮೀನು

ಮುಂಗಾರು ಹಿಡಿಯಿತೆಂದರೆ ಶಿವಮೊಗ್ಗ, ದಾವಣಗೆರೆ, ಚಿಕ್ಕಮಗಳೂರು ಸೀಮೆಯ ಪತ್ರಿಕೆಗಳಲ್ಲಿ ದಿನವೂ ಒಂದು ಪುಟ್ಟ ಚೌಕಟ್ಟು ಕಾಣಿಸಿಕೊಳ್ಳುತ್ತದೆ. ಭದ್ರಾ ಜಲಾಶಯ: ಗರಿಷ್ಠ ಮಟ್ಟ 186 ಅಡಿ, ಇಂದಿನ ಮಟ್ಟ ಇಷ್ಟು, ಕಳೆದ ವರ್ಷ ಇದೇ ದಿನ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್. ದಾವಣಗೆರೆ ಕಡೆಯ ಭತ್ತದ ರೈತ ಮುಖಪುಟದ ರಾಜಕೀಯಕ್ಕೂ ಮೊದಲು ಆ ಚೌಕಟ್ಟಿಗೆ ಕಣ್ಣು ಹಾಯಿಸುತ್ತಾನೆ. ಅಡಿಕೆ ತೋಟದವರು ನೋಡುತ್ತಾರೆ, ಕುಡಿಯುವ ನೀರಿನ ಚಿಂತೆ ಇರುವ ಊರಿನವರು ನೋಡುತ್ತಾರೆ. ಅದೇ ಅಂಕಿಗಳನ್ನು ಬೇರೆಯೇ ಕಣ್ಣಿನಿಂದ ಓದುವ ಇನ್ನೊಂದು ಗುಂಪೂ ಇದೆ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಸುತ್ತ, ಹಿನ್ನೀರಿನ ಅಂಚಿನಲ್ಲಿ, ಬಲೆ ಮತ್ತು ತೆಪ್ಪವನ್ನೇ ನಂಬಿದ ಮೀನುಗಾರರು ಅವರು. ನೀರು ಏರುತ್ತಿದೆಯೆಂದರೆ ಮೀನು ಎಲ್ಲಿ ಹೋಯಿತು, ಇಳಿಯುತ್ತಿದೆಯೆಂದರೆ ಎಲ್ಲಿ ಸೇರಿತು ಎಂಬುದು ಅವರಿಗೆ ಆ ಅಂಕಿಯಿಂದಲೇ ಗೊತ್ತಾಗುತ್ತದೆ.

ತರೀಕೆರೆ ಎಂದೊಡನೆ ಮಕ್ಕಳಿಗೆ ನೆನಪಾಗುವುದು ಏರಿಯ ಮೇಲೆ ಮೇಯುವ ಕುರಿಮರಿಗಳ ನಾಲಿಗೆ ಹೊರಳಿಸುವ ಆಟ. ಆದರೆ ಈ ತಾಲ್ಲೂಕಿನ ದೊಡ್ಡ ನೀರು ಇರುವುದು ಪೇಟೆಯ ಕೆರೆಯಲ್ಲಲ್ಲ, ಪಶ್ಚಿಮಕ್ಕೆ, ಕಾಡಿನ ಅಂಚಿನಲ್ಲಿ. ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ ಹುಟ್ಟುವ ಭದ್ರೆ ಕಳಸ, ಬಾಳೆಹೊನ್ನೂರು, ನರಸಿಂಹರಾಜಪುರಗಳನ್ನು ಹಾದು ಬಂದು ಲಕ್ಕವಳ್ಳಿಯಲ್ಲಿ ಕಟ್ಟೆಗೆ ತಡೆದು ನಿಲ್ಲುತ್ತಾಳೆ. ಸ್ವಾತಂತ್ರ್ಯದ ಹೊತ್ತಿಗೆ ಆರಂಭವಾದ ಅಣೆಕಟ್ಟೆಯ ಕೆಲಸ ಮುಗಿದದ್ದು 1965ರಲ್ಲಿ. ತುಂಬಿದಾಗ ಅದರಲ್ಲಿ 71.5 ಟಿ.ಎಂ.ಸಿ. ನೀರು ನಿಲ್ಲುತ್ತದೆ. ಒಂದು ಟಿ.ಎಂ.ಸಿ. ಎಂದರೆ 100 ಕೋಟಿ ಘನ ಅಡಿ, ಲೀಟರಿನ ಲೆಕ್ಕದಲ್ಲಿ ಸುಮಾರು 2,831 ಕೋಟಿ. ಉಳಿದ ಗುಣಾಕಾರವನ್ನು ಮನೆಯ ವಿದ್ಯಾರ್ಥಿಗಳಿಗೆ ಬಿಡೋಣ.

ಕೆರೆ, ಹೊಳೆ, ಜಲಾಶಯ ಮೂರೂ ನೋಡುವವರ ಕಣ್ಣಿಗೆ ನೀರೇ. ಮೀನಿಗೆ ಮಾತ್ರ ಮೂರೂ ಬೇರೆ ಬೇರೆ ಊರು. ಹೊಳೆಯ ನೀರು ಮಳೆಯ ಮಾತು ಕೇಳುತ್ತದೆ. ಜಲಾಶಯದ ನೀರು ಮಳೆಯ ಮಾತನ್ನು ನಾಲ್ಕು ತಿಂಗಳು ಕೇಳಿ, ಉಳಿದ ಎಂಟು ತಿಂಗಳು ನಾಲೆಯ ತೂಬಿನ ಮಾತು ಕೇಳುತ್ತದೆ. ಜೂನ್ ತಿಂಗಳಿಂದ ಏರಿ, ಆಗಸ್ಟ್–ಸೆಪ್ಟೆಂಬರಿಗೆ ತುಂಬಿ, ಬೇಸಿಗೆ ಬೆಳೆಗೆ ನೀರು ಬಿಡತೊಡಗಿದ ಮೇಲೆ ಇಳಿಯುತ್ತಾ ಇಳಿಯುತ್ತಾ ಮೇ ಹೊತ್ತಿಗೆ ಎಷ್ಟೋ ಎಕರೆ ಕೆಸರು ನೆಲವನ್ನು ಬಿಸಿಲಿಗೆ ಒಡ್ಡುತ್ತದೆ. ಮಗುವೊಂದು ಮನೆಗೆ ಬಂದಾಗ ಕೋಣೆಗಳ ಗೋಡೆಗಳು ತಿಂಗಳಿಗೊಮ್ಮೆ ಸರಿದಾಡುತ್ತಿದ್ದರೆ ಹೇಗಿದ್ದೀತು? ಈ ಮೀನುಗಳ ಬಾಳು ಹಾಗಿದೆ.

ಗಂಗೆಯ ಮೀನು ಭದ್ರೆಗೆ ಬಂದದ್ದು

ಸಂತೆಯಲ್ಲಿ ‘ಡ್ಯಾಮ್ ಮೀನು’ ಎಂದು ಮಾರುವ ಕಾಟ್ಲಾ, ರೋಹು, ಮೃಗಾಲ್ ಮೂರೂ ಭದ್ರೆಯ ಮೂಲದವಲ್ಲ ಎಂದರೆ ಎಷ್ಟೋ ಜನ ನಂಬುವುದಿಲ್ಲ. ಇವು ಗಂಗಾ ಬಯಲಿನ ಮೀನುಗಳು. ದೊಡ್ಡದಾಗಿ, ಬೇಗ ಬೆಳೆಯುತ್ತವೆಂದು ದೇಶದ ಉದ್ದಗಲಕ್ಕೂ ಒಯ್ದು ಬಿಟ್ಟವು. ಬೆಳೆಯುವುದೇನೋ ಚೆನ್ನಾಗಿ ಬೆಳೆಯುತ್ತವೆ. ಕಾಟ್ಲಾ ನೀರಿನ ಮೇಲ್ಪದರದಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ತಿನ್ನುತ್ತದೆ, ರೋಹು ನಡುಪದರದಲ್ಲಿ ಮೇಯುತ್ತದೆ, ಮೃಗಾಲ್ ತಳದ ಕೆಸರನ್ನು ಕೆದಕುತ್ತದೆ. ಒಂದೇ ಮನೆಯಲ್ಲಿ ಮೂವರು ಬಾಡಿಗೆದಾರರು ಜಗಳವಿಲ್ಲದೆ ಇದ್ದಂತೆ! ತೊಡಕಿರುವುದು ಇನ್ನೊಂದು ಕಡೆ. ನಿಂತ ನೀರಿನಲ್ಲಿ ಇವು ಮರಿ ಮಾಡುವುದಿಲ್ಲ. ಮಳೆಗಾಲದ ನೆರೆಯ ಹರಿವು, ಮುಳುಗಿದ ದಡ, ಹೊಸ ನೀರಿನ ತಂಪು ಇವೆಲ್ಲ ಕೂಡಿ ಬಂದರಷ್ಟೇ ಮೊಟ್ಟೆ ಇಡುತ್ತವೆ.

ಹಾಗಾಗಿ ಒಂದು ಕಾಲದಲ್ಲಿ ಮೀನು ಸಾಕುವವರು ಗಂಗೆಯ ಕಡೆಯ ನದಿಗಳಲ್ಲಿ ನೆರೆಯ ಹೊತ್ತಿಗೆ ಬಟ್ಟೆಯ ಬಲೆ ಒಡ್ಡಿ ಮೊಟ್ಟೆ–ಮರಿಗಳನ್ನು ಸೋಸಿ ತರುತ್ತಿದ್ದರು. ಒಳ್ಳೆಯ ಮರಿಯ ಜೊತೆ ಬೇಡದ ಮರಿಯೂ ಬರುತ್ತಿತ್ತು, ಅರ್ಧ ದಾರಿಯಲ್ಲೇ ಸಾಯುತ್ತಿತ್ತು. ಈ ಕಥೆಗೆ ತಿರುವು ಕೊಟ್ಟವರು ಡಾ. ಹೀರಾಲಾಲ್ ಚೌಧುರಿ. 1957ರ ಜುಲೈ 10ರಂದು ಒಡಿಶಾದಲ್ಲಿ ಅವರು ಮೀನಿನ ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚುಮದ್ದಿನಂತೆ ಕೊಟ್ಟು, ಕೊಳದ ನೀರಿನಲ್ಲೇ ಗೆಂಡೆ ಜಾತಿಯ ಮೀನು ಮೊಟ್ಟೆಯಿಡುವಂತೆ ಮಾಡಿದರು. ಇಂದಿಗೂ ಜುಲೈ 10 ದೇಶದಲ್ಲಿ ಮೀನು ಕೃಷಿಕರ ದಿನ. ಪಿಟ್ಯುಟರಿ ಗ್ರಂಥಿಯ ಚಿತ್ರ ಬರೆದು ಭಾಗಗಳನ್ನು ಗುರುತಿಸುವ ಪ್ರಶ್ನೆಗೆ ಬೇಸರಪಟ್ಟುಕೊಳ್ಳುವ ವಿದ್ಯಾರ್ಥಿಗಳು, ಊರ ಸಂತೆಯ ಮೀನಿನ ಬುಟ್ಟಿಗೂ ಆ ಚಿತ್ರಕ್ಕೂ ಇರುವ ನಂಟನ್ನು ಒಮ್ಮೆ ಯೋಚಿಸಿ ನೋಡಬೇಕು.

ಅಣೆಕಟ್ಟೆಯ ಕೆಳಗಿನ ಬಿ.ಆರ್. ಪ್ರಾಜೆಕ್ಟ್‌ನಲ್ಲಿ ಮೀನುಗಾರಿಕೆ ಇಲಾಖೆಯ ಮೀನುಮರಿ ಉತ್ಪಾದನಾ ಕೇಂದ್ರವಿದೆ. ಇಂಥ ಕೇಂದ್ರಗಳಲ್ಲಿ ನಡೆಯುವುದು ಅದೇ ಕೆಲಸ. ತಾಯಿ ಮೀನಿನ ತೂಕದ ಪ್ರತಿ ಕಿಲೋಗೆ ಲಕ್ಷಕ್ಕೂ ಹೆಚ್ಚು ಮೊಟ್ಟೆ. ಬೆಚ್ಚಗಿನ ನೀರಿನಲ್ಲಿ ಒಂದು ದಿನ ಕಳೆಯುವುದರೊಳಗೆ ಅವು ಒಡೆಯುತ್ತವೆ. ಮರಿಗಳು ಬೆರಳುದ್ದ ಬೆಳೆದ ಮೇಲೆ ‘ಬಲಿತ ಬಿತ್ತನೆ ಮರಿ’ ಎಂಬ ಹೆಸರಿನಲ್ಲಿ ಕೆರೆ, ಜಲಾಶಯಗಳಿಗೆ ಹೋಗುತ್ತವೆ. ಇಲಾಖೆಯವರ ಈ ‘ಬಿತ್ತನೆ’ ಎಂಬ ಪದ ಬಹಳ ಸರಿಯಾದದ್ದು. ಬೆರಳುದ್ದಕ್ಕಿಂತ ಸಣ್ಣ ಮರಿ ಬಿಟ್ಟರೆ ಬಾಳೆ ಮೀನಿನ ಬಾಯಿಗೆ ಬಿತ್ತಿದಂತೆ. ಜಲಾಶಯದ ಮೀನುಗಾರಿಕೆಯಲ್ಲಿ ಈ ವರ್ಷ ಬಲೆಗೆ ಬೀಳುವ ರೋಹುವಿನ ಹಿಂದೆ ಒಂದೆರಡು ವರ್ಷ ಹಿಂದಿನ ಮಳೆಗಾಲದ ಬಿತ್ತನೆ ಇರುತ್ತದೆ.

ಹತ್ತುಮೀನಿನ ರಾತ್ರಿಗಳು

ಬಿತ್ತಿದ ಮೀನಿನ ಕಥೆ ಹೀಗಾದರೆ, ಭದ್ರೆಯ ಸ್ವಂತ ಮಕ್ಕಳ ಕಥೆ ಇನ್ನೊಂದು. ಪಕ್ಕೆ, ಗೆಂಡೆ, ಗಿರ್ಲು, ಬಾಳೆ, ಕೊರವ, ಮೇಲಿನ ಹೊಳೆಯ ಕಲ್ಲುಗುಂಡಿಗಳ ದೇವರ ಮೀನು ಇವು ಯಾರ ಬಿತ್ತನೆಯೂ ಇಲ್ಲದೆ ಇಲ್ಲೇ ಹುಟ್ಟಿ ಬೆಳೆದವು. ಮೃಗಶಿರಾ ಮಳೆ ಹೊಯ್ದು, ಆರಿದ್ರಾ ಹಿಡಿಯುವ ಹೊತ್ತಿಗೆ ಹಳ್ಳ–ತೊರೆಗಳಲ್ಲಿ ಕೆಂಪು ನೀರು ಇಳಿಯುತ್ತದೆ. ಆ ನೀರಿನ ರುಚಿ ಸಿಕ್ಕಿದ್ದೇ ತಡ, ಮೀನುಗಳು ಹರಿವಿಗೆ ಎದುರಾಗಿ ಹತ್ತತೊಡಗುತ್ತವೆ. ಹಳ್ಳ ಹತ್ತಿ, ಕಾಲುವೆ ಹತ್ತಿ, ಗದ್ದೆಯ ಬದುವಿನ ತೂಬನ್ನೂ ಜಿಗಿದು ಹೋಗುತ್ತವೆ. ಮಲೆನಾಡಿನ ಜನ ಇದಕ್ಕೆ ಕೊಟ್ಟ ಹೆಸರು ‘ಹತ್ತುಮೀನು’. ಕಂದೀಲು ಅಥವಾ ಬ್ಯಾಟರಿ ಹಿಡಿದು, ಕಂಬಳಿಕೊಪ್ಪೆ ಹೊದ್ದು, ಕೂಳಿ ಹಾಕಿ, ಕತ್ತಿ ಹಿಡಿದು ರಾತ್ರಿಯಿಡೀ ಕಾಯುವ ಸಂಭ್ರಮವನ್ನು ಕಂಡವರೇ ಬಲ್ಲರು. ಮುಂಜಾನೆ ಮನೆಮನೆಯಲ್ಲೂ ಹುಳಿ ಮುರುಕಿನ ಸಾರು.

ಆದರೆ ಆ ಮೀನು ಹತ್ತುವುದು ನಮಗೆ ಸಾರಾಗಲು ಅಲ್ಲವಲ್ಲ! ಹೊಟ್ಟೆ ತುಂಬ ತತ್ತಿ ಹೊತ್ತು, ಆಳವಿಲ್ಲದ ಹುಲ್ಲುನೀರು ಹುಡುಕಿ ಹೊರಟ ಬಸುರಿಯರು ಅವು. ತತ್ತಿಯ ಗೊನೆಯಿರುವ ಮೀನೆಂದರೆ ರುಚಿ ಹೆಚ್ಚು ಎಂಬ ಮಾತೂ ಜೊತೆಗಿದೆ. ಹಿಂದೆ ಊರಿಗೆ ಹತ್ತು ಕೂಳಿ ಇದ್ದಾಗ ಹತ್ತಿದ ಮೀನಿನಲ್ಲಿ ಅರ್ಧ ದಾಟಿ ಹೋಗುತ್ತಿತ್ತು. ಹಳ್ಳದ ಅಗಲಕ್ಕೂ ನೈಲಾನ್ ಬಲೆ ಕಟ್ಟುವ ಕಾಲದಲ್ಲಿ ದಾಟುವುದು ಎಷ್ಟು? ನನ್ನ ಮಟ್ಟಿಗೆ ಹತ್ತುಮೀನಿನ ಸಂಪ್ರದಾಯವನ್ನೇ ತಪ್ಪೆಂದು ಹೇಳುವವರ ಜೊತೆ ನಾನಿಲ್ಲ. ಬೀಸುಬಲೆಗೆ ಬಿದ್ದ ನಾಲ್ಕು ಮೀನಿನಿಂದ ಹೊಳೆ ಬರಿದಾಗುವುದಿಲ್ಲ. ಹಳ್ಳಕ್ಕೆ ಅಡ್ಡಗಟ್ಟುವ ಬಲೆ, ಮೈಲುತುತ್ತ, ಸಿಡಿಮದ್ದು ಇವುಗಳ ಮಾತೇ ಬೇರೆ.

ಈ ದೂರು ಹೊಸದೂ ಅಲ್ಲ. ಮದರಾಸು ಪ್ರಾಂತ್ಯದ ಅಧಿಕಾರಿಯಾಗಿ ದಕ್ಷಿಣ ಕನ್ನಡದಲ್ಲಿ ಕೆಲಸ ಮಾಡಿದ ಎಚ್.ಎಸ್. ಥಾಮಸ್ ಎಂಬ ಆಂಗ್ಲ 1870ರಲ್ಲಿ ಆ ಜಿಲ್ಲೆಯ ಮೀನುಗಾರಿಕೆಯ ಬಗ್ಗೆ ಸರ್ಕಾರಕ್ಕೆ ವರದಿ ಬರೆದ. 1873ರಲ್ಲಿ ಭಾರತದ ಹೊಳೆಗಳಲ್ಲಿ ಗಾಳ ಹಾಕುವ ಬಗ್ಗೆ ಪುಸ್ತಕವನ್ನೇ ತಂದ. ಗಾಳದ ಹುಚ್ಚಿನವನಾದ್ದರಿಂದಲೇ ಅವನಿಗೆ ಮರಿಮೀನಿನ ಚಿಂತೆಯೂ ಹತ್ತಿತು. ಮುಂದೆ 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ನೀರಿಗೆ ವಿಷ ಹಾಕುವುದನ್ನೂ ಸಿಡಿಮದ್ದು ಎಸೆಯುವುದನ್ನೂ ಅಪರಾಧವೆಂದು ಸಾರಿತು. ನಮ್ಮ ರಾಜ್ಯದ್ದೇ ಆದ ಒಳನಾಡು ಮೀನುಗಾರಿಕೆ ಕಾಯ್ದೆ 1996ರದ್ದು. ನೂರು ವರ್ಷ ದಾಟಿದ ಕಾನೂನು ಇದ್ದೂ ಸಿಡಿಮದ್ದಿನ ಸದ್ದು ಪೂರ್ತಿ ನಿಂತಿಲ್ಲ.

ಶಾಲೆ ತೆರೆಯುವ ತಿಂಗಳು, ಬಲೆ ಮುಚ್ಚುವ ತಿಂಗಳು

ಮೀನು ಮರಿ ಮಾಡುವ ಈ ಮಳೆಗಾಲದ ಆರಂಭದ ವಾರಗಳಲ್ಲಿ ರಾಜ್ಯದ ಜಲಾಶಯಗಳಲ್ಲಿ ಮೀನು ಹಿಡಿಯುವುದಕ್ಕೆ ನಿಷೇಧವಿರುತ್ತದೆ. ಉಳಿದ ಕಾಲದಲ್ಲಿ ಪರವಾನಗಿ ಪಡೆದು ಬಲೆ ಹಾಕಬೇಕು. ನಿಯಮ ಸರಿಯಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪೋಷಕರು ಒಮ್ಮೆ ಪಂಚಾಂಗ ತೆರೆದು ನೋಡಲಿ. ಜೂನ್ ಎಂದರೆ ಶಾಲೆ ತೆರೆಯುವ ತಿಂಗಳು. ಸಮವಸ್ತ್ರ, ನೋಟ್‌ಬುಕ್ಕು, ಚೀಲ, ಕೊಡೆ, ಬಸ್ ಪಾಸು, ಕಾಲೇಜಿಗೆ ಸೇರುವವರಿದ್ದರೆ ಶುಲ್ಕ. ಸಂಬಳದವರ ಮನೆಯಲ್ಲೇ ಜೂನ್ ತಿಂಗಳ ಲೆಕ್ಕ ಕೂಡುವುದಿಲ್ಲ. ಮೀನುಗಾರನ ಮನೆಯಲ್ಲಿ ಖರ್ಚು ಅತಿ ಹೆಚ್ಚಿರುವ ಹೊತ್ತಿಗೇ ದುಡಿಮೆಗೆ ಬೀಗ ಬೀಳುತ್ತದೆ!

ಸರ್ಕಾರ ಕಣ್ಣು ಮುಚ್ಚಿ ಕೂತಿಲ್ಲ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿಂದುಳಿದ ಮೀನುಗಾರ ಕುಟುಂಬಗಳಿಗೆ ನಿಷೇಧದ ಅಥವಾ ಮೀನು ಸಿಗದ ಮೂರು ತಿಂಗಳಿಗೆಂದು ಒಂದು ಏರ್ಪಾಡಿದೆ. ಮೀನುಗಾರ ದುಡಿಯುವ ತಿಂಗಳುಗಳಲ್ಲಿ 1,500 ರೂಪಾಯಿ ಕಟ್ಟಬೇಕು, ಸರ್ಕಾರ 3,000 ಸೇರಿಸುತ್ತದೆ, ಒಟ್ಟು 4,500 ಮೂರು ತಿಂಗಳಲ್ಲಿ ಹಂಚಿ ಬರುತ್ತದೆ. ಲೆಕ್ಕ ಹಾಕಿದರೆ ತಿಂಗಳಿಗೆ 1,500, ಅದರಲ್ಲೂ ಮೂರನೇ ಒಂದು ಪಾಲು ಅವನದೇ ದುಡ್ಡು. ಹೈಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳಿರುವ ಮನೆಯಲ್ಲಿ ಈ ಮೊತ್ತ ಎಷ್ಟು ದಿನ ಬಂದೀತು? ಕದ್ದು ಬಲೆ ಬಿಡುವವನನ್ನು ಸಮರ್ಥಿಸುವುದಲ್ಲ ಇದು. ಅವನು ಕದ್ದು ಹಿಡಿಯುವ ಒಂದೊಂದು ತತ್ತಿಮೀನೂ ಅವನ ಮಗಳ ಮುಂದಿನ ವರ್ಷದ ಫೀಸಿನಿಂದಲೇ ಕಳೆಯುತ್ತದೆ ಎಂಬುದು ಅವನಿಗೂ ಗೊತ್ತು. ಆದರೂ ಬಲೆ ಬೀಳುತ್ತದೆ. ಈ ಎರಡು ತಿಂಗಳ ಪರಿಹಾರದ ಮೊತ್ತ ದೊಡ್ಡದಾದಷ್ಟೂ ಕಾವಲಿನ ಕೆಲಸ ಸಣ್ಣದಾಗುತ್ತದೆ ಎಂದು ಈ ಲೇಖಕನಿಗೆ ಅನಿಸುತ್ತದೆ. ಪರಿಹಾರ ಮಕ್ಕಳ ಶಾಲಾ ಖರ್ಚಿನ ರೂಪದಲ್ಲೇ ಜೂನ್ ಮೊದಲ ವಾರಕ್ಕೆ ಸೇರಿದರೆ ಇನ್ನೂ ಒಳ್ಳೆಯದು.

ಈ ನಡುವೆ ಜಲಾಶಯದ ಒಳಗೆ ಒಂದು ಅದ್ಭುತ ನಡೆಯುತ್ತಿರುತ್ತದೆ. ಬೇಸಿಗೆಯಲ್ಲಿ ನೀರಿಳಿದ ಕೆಸರು ನೆಲದಲ್ಲಿ ಹುಲ್ಲು ಎದ್ದಿರುತ್ತದೆ, ದನಗಳು ಮೇದು ಸಗಣಿ ಹಾಕಿರುತ್ತವೆ. ಏರುವ ನೀರು ಇದನ್ನೆಲ್ಲ ಮುಳುಗಿಸುತ್ತದೆ. ಕೊಳೆತ ಹುಲ್ಲು ನೀರಿಗೆ ಗೊಬ್ಬರವಾಗುತ್ತದೆ. ಅದರಿಂದ ಕಣ್ಣಿಗೆ ಕಾಣದ ಪಾಚಿ, ಪಾಚಿ ತಿನ್ನುವ ಹುಳು, ಹುಳು ತಿನ್ನುವ ಮರಿಮೀನು. ಮುಳುಗಿದ ಹುಲ್ಲುಗಾವಲೇ ಮರಿಗಳಿಗೆ ಅಂಗನವಾಡಿ. ನೀರು ನಿಧಾನವಾಗಿ ಏರಿ ನಿಂತರೆ ಮರಿ ಉಳಿಯುತ್ತವೆ. ಏರಿ ಮತ್ತೆ ಸರ್ರನೆ ಇಳಿದರೆ ಅಂಚಿನ ಹುಲ್ಲಿಗೆ ಅಂಟಿದ ಮೊಟ್ಟೆಗಳು ಒಣಗುತ್ತವೆ. ಹೊಳೆ ಹೊತ್ತು ತರುವ ಹೂಳು ಹೆಚ್ಚಾದರೂ ಮೊಟ್ಟೆಗೆ ಉಸಿರುಕಟ್ಟುತ್ತದೆ. ಭದ್ರೆಯ ನೆತ್ತಿಯಲ್ಲಿ ನಡೆಯುತ್ತಿದ್ದ ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಅದಕ್ಕಾಗಿ ಹೋರಾಡಿದವರು ಮುಂದಿಟ್ಟ ಕಾರಣಗಳಲ್ಲಿ ಹೊಳೆಗೆ ಇಳಿಯುತ್ತಿದ್ದ ಹೂಳೂ ಒಂದಾಗಿತ್ತು.

ಅಮೆರಿಕದ ಬಾಸ್, ನಮ್ಮ ಕೊರವ

ಅಮೆರಿಕದಲ್ಲಿ ಜಲಾಶಯದ ಗಾಳ ಎಂದರೆ ಬಾಸ್ ಎಂಬ ಮೀನು. ಅದಕ್ಕೆಂದೇ ದೋಣಿ, ಅದಕ್ಕೆಂದೇ ಪಂದ್ಯ, ಲಕ್ಷಾಂತರ ಡಾಲರಿನ ಬಹುಮಾನ. ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರ್ರಿ ಎಂಬಾತ 1932ರಲ್ಲಿ ಹಿಡಿದ ಹತ್ತು ಕಿಲೋ ತೂಕದ ಬಾಸ್ ವಿಶ್ವದಾಖಲೆಯಾಗಿ 77 ವರ್ಷ ಒಂಟಿಯಾಗಿ ನಿಂತಿತ್ತು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಅದನ್ನು ಸರಿಗಟ್ಟಿದ. ವಸಂತದಲ್ಲಿ ಆಳವಿಲ್ಲದ ಅಂಚಿಗೆ ಬಂದು ಗಂಡು ಮೀನು ಗೂಡು ಕಾಯುತ್ತದೆ, ಬೇಸಿಗೆಗೆ ಆಳಕ್ಕೆ ಇಳಿಯುತ್ತದೆ, ಚಳಿಗೆ ಮಂಕಾಗುತ್ತದೆ. ಅಲ್ಲಿಯ ಗಾಳಗಾರ ಈ ಓಡಾಟವನ್ನು ಬಾಯಿಪಾಠ ಮಾಡಿರುತ್ತಾನೆ.

ಭದ್ರೆಯಲ್ಲಿ ಬಾಸ್ ಇಲ್ಲ. ಅದರ ಜಾಗದಲ್ಲಿ ನಮಗಿರುವುದು ಕೊರವ. ಇಲಾಖೆಯವರ ಬಾಯಲ್ಲಿ ಮುರ್ರೆಲ್. ಹಾವಿನಂಥ ತಲೆ, ಮುದ್ದೆಯಂಥ ಗಟ್ಟಿ ಮೈ, ಮುಳ್ಳು ಕಡಿಮೆ, ಬೆಲೆ ಜಾಸ್ತಿ. ಬಾಸ್‌ನಂತೆ ಇದೂ ಬೇಟೆಗಾರ. ಕಳೆಗಿಡದ ಮರೆಯಲ್ಲಿ ಅಲ್ಲಾಡದೆ ನಿಂತು, ಕಪ್ಪೆಯೋ ಮರಿಮೀನೋ ಎದುರು ಬಂದರೆ ಬಾಣದಂತೆ ಎರಗುತ್ತದೆ. ಇನ್ನೊಂದು ವಿಶೇಷವೆಂದರೆ ಇದು ಆಗಾಗ ನೀರಿನ ಮೇಲೆ ಬಂದು ನಮ್ಮಂತೆ ಗಾಳಿ ಕುಡಿಯಲೇಬೇಕು. ಮೇಲೆ ಬರಲು ಬಿಡದಂತೆ ತಡೆದರೆ ಮೀನೇ ನೀರಲ್ಲಿ ಮುಳುಗಿ ಸಾಯುತ್ತದೆ ಎಂದರೆ ನಂಬುತ್ತೀರಾ?

ಮಳೆಗಾಲದಲ್ಲಿ ಕೆರೆಯ ಅಂಚಿನಲ್ಲಿ ಕುಂಕುಮ ಕಲಸಿದಂಥ ಕೆಂಪು ಮರಿಗಳ ಉಂಡೆಯೊಂದು ಉರುಳಾಡುತ್ತಾ ಹೋಗುವುದನ್ನು ಹಳ್ಳಿಯ ಮಕ್ಕಳು ಕಂಡಿರುತ್ತಾರೆ. ಅದು ಕೊರವನ ಸಂಸಾರ. ಅಪ್ಪ–ಅಮ್ಮ ಕೆಳಗೇ ಇರುತ್ತವೆ, ಮರಿಗಳ ಹತ್ತಿರ ಬಂದ ಯಾವುದನ್ನೇ ಆಗಲಿ ಕಚ್ಚಲು ನುಗ್ಗುತ್ತವೆ. ಗಾಳಗಾರನಿಗೆ ಇದಕ್ಕಿಂತ ಸುಲಭದ ಬೇಟೆ ಇಲ್ಲ. ಮರಿಯುಂಡೆಯ ನಡುವೆ ಗಾಳ ಬಿಟ್ಟರೆ ಸಾಕು, ಹಸಿವಿಲ್ಲದಿದ್ದರೂ ಸಿಟ್ಟಿಗೆ ಕಚ್ಚುತ್ತದೆ. ಅಪ್ಪ–ಅಮ್ಮ ಬುಟ್ಟಿಗೆ ಬಿದ್ದ ಮೇಲೆ ಆ ಕೆಂಪು ಉಂಡೆ ಗಿರ್ಲು, ಪಕ್ಕೆಗಳ ಪಾಲು. ಜಿಲೇಬಿ ಮೀನು ಎಂದು ಕರೆಯುವ ತಿಲಾಪಿಯಾ ಇನ್ನೂ ಒಂದು ಹೆಜ್ಜೆ ಮುಂದೆ. ತಾಯಿ ಮೊಟ್ಟೆ–ಮರಿಗಳನ್ನು ಬಾಯೊಳಗೇ ಇಟ್ಟುಕೊಂಡು, ತಾನು ಉಪವಾಸವಿದ್ದು ಸಾಕುತ್ತಾಳೆ. 1952ರಲ್ಲಿ ನಮ್ಮ ದೇಶಕ್ಕೆ ಬಂದ ಈ ಆಫ್ರಿಕಾದ ಮೀನು ಇಷ್ಟೊಂದು ಕೆರೆಗಳನ್ನು ಹೇಗೆ ಆಕ್ರಮಿಸಿತು ಎಂಬ ಪ್ರಶ್ನೆಗೆ ಅದರಲ್ಲೇ ಅರ್ಧ ಉತ್ತರ ಇದೆ.

ನಮ್ಮ ಜಿಲ್ಲೆಯ ದೊಡ್ಡ ಗಾಳಗಾರ ಯಾರೆಂದು ಕೇಳಿದರೆ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ಹೆಸರು ಹೇಳಬೇಕು. 2007ರಲ್ಲಿ ಅವರು ತೀರಿಕೊಂಡಾಗ ಅನೇಕರಿಗೆ ಮೊದಲು ನೆನಪಾದದ್ದು ಹ್ಯಾಟು, ಗಾಳದ ಕೋಲು, ಸ್ಕೂಟರು. ಮೀನು ಸಿಗದ ದಿನವೂ ಅವರು ಹೊಳೆಯಂಚಿನಲ್ಲಿ ಕೂತು ಏನೇನನ್ನು ಕಂಡರು ಎಂಬುದನ್ನು ತಿಳಿಯಲು ‘ಪರಿಸರದ ಕತೆ’ ಓದಿದರೆ ಸಾಕು.

ಚಳಿಯ ಮಂಕು, ಬೇಸಿಗೆಯ ಸುಗ್ಗಿ

ನಿಷೇಧ ಮುಗಿದು, ಸ್ವಾತಿ ಮಳೆಯೂ ಹಿಂದೆ ಸರಿದ ಮೇಲೆ ಜಲಾಶಯ ತಿಳಿಯಾಗುತ್ತದೆ. ನೀರು ತುಂಬಿದೆ, ಮೀನು ಚೆದುರಿದೆ. ಬಲೆಗೆ ಬೀಳುವುದು ಕಡಿಮೆ. ಮೀನು ಶೀತರಕ್ತದ ಪ್ರಾಣಿ. ನೀರು ತಣ್ಣಗಾದರೆ ಅದರ ಜೀರ್ಣಶಕ್ತಿ ಕುಗ್ಗುತ್ತದೆ, ಹಸಿವೂ ಕುಗ್ಗುತ್ತದೆ. ಡಿಸೆಂಬರಿನ ಮಂಜಿನಲ್ಲಿ ಗಾಳ ಹಿಡಿದು ಕೂತವನಿಗೆ ಬಿಸಿಲೇರಿ ಹತ್ತು ಗಂಟೆಯಾಗುವವರೆಗೆ ಬೆಂಡು ಅಲ್ಲಾಡುವುದಿಲ್ಲ. ಸಂಜೆ ತೆಪ್ಪದಲ್ಲಿ ಹೋಗಿ ಬಲೆ ಬಿಟ್ಟು ಬಂದು, ಬೆಳಗಿನ ಜಾವ ಕೈ ಸೆಟೆದುಕೊಳ್ಳುವ ಚಳಿಯಲ್ಲಿ ಎತ್ತುವ ಕೆಲಸ ಅಷ್ಟೇ ಈ ಕಾಲದ ಕಥೆ.

ಸುಗ್ಗಿ ಬರುವುದು ನೀರು ಇಳಿಯತೊಡಗಿದ ಮೇಲೆ. ಫೆಬ್ರವರಿಯಿಂದ ಮುಂದೆ ಅಡಿ ಅಡಿಯಾಗಿ ಮಟ್ಟ ಕುಸಿಯುತ್ತದೆ, ಅಷ್ಟೇ ಮೀನು ಕಡಿಮೆ ನೀರಿನಲ್ಲಿ ಒತ್ತಾಗುತ್ತದೆ. ಮುಳುಗಿದ ಕಾಡಿನ ಬೊಡ್ಡೆಗಳು ಒಂದೊಂದಾಗಿ ತಲೆ ಎತ್ತುತ್ತವೆ. ಅಣೆಕಟ್ಟೆ ಕಟ್ಟಿ ಅರ್ಧ ಶತಮಾನ ದಾಟಿದರೂ ಈ ಬೊಡ್ಡೆಗಳು ಕೊಳೆತು ಮುಗಿದಿಲ್ಲ. ನೀರುಕಾಗೆಗಳಿಗೆ ಅದು ರೆಕ್ಕೆ ಒಣಗಿಸುವ ಜಾಗ, ಮೀನುಗಾರನಿಗೆ ಬಲೆ ಹರಿಯುವ ಜಾಗ. ಇನ್ನೊಂದು ಸಂಗತಿಯೂ ಇದೆ. ಬಿಸಿ ನೀರಿನಲ್ಲಿ ಪ್ರಾಣವಾಯು ಕಡಿಮೆ ಕರಗುತ್ತದೆ. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ 9 ಮಿಲಿಗ್ರಾಂ ಹಿಡಿಯುವುದಾದರೆ 30 ಡಿಗ್ರಿಯಲ್ಲಿ ಏಳೂವರೆ. ಆದ್ದರಿಂದ ಮಧ್ಯಾಹ್ನ ಮೀನು ಆಳಕ್ಕೆ, ನೆರಳಿಗೆ ಸರಿಯುತ್ತದೆ. ಮುಂಜಾನೆ ಮತ್ತು ಸಂಜೆ ಅಂಚಿಗೆ ಮೇಯಲು ಬರುತ್ತದೆ.

ಈ ಸುಗ್ಗಿಗೆ ಮನುಷ್ಯರಲ್ಲದ ಪಾಲುದಾರರೂ ಇದ್ದಾರೆ. ನೀರಿಳಿದಾಗ ಮೇಲೇಳುವ ಪುಟ್ಟ ಪುಟ್ಟ ನಡುಗಡ್ಡೆಗಳ ಬರಿನೆಲದ ಮೇಲೆ ರೀವ ಹಕ್ಕಿಗಳು ಸಾವಿರಗಟ್ಟಲೆ ಬಂದು ಮೊಟ್ಟೆಯಿಡುತ್ತವೆ. ಬೂದು ಮೈ, ಕಪ್ಪು ಟೋಪಿ, ಹಳದಿ ಕೊಕ್ಕಿನ ಈ ಹಕ್ಕಿಗೆ ಇಂಗ್ಲಿಷಿನವರು ಇಟ್ಟ ಹೆಸರು ರಿವರ್ ಟರ್ನ್. ಕಡ್ಡಿ ಗೂಡು ಕಟ್ಟುವುದಿಲ್ಲ, ನೆಲವನ್ನು ಸ್ವಲ್ಪ ಕೆದರಿ ಎರಡು–ಮೂರು ಮೊಟ್ಟೆ ಇಟ್ಟುಬಿಡುತ್ತದೆ. ಸುತ್ತ ನೀರಿರುವುದರಿಂದ ನರಿ, ನಾಯಿ ಬರಲಾರವು. ಮರಿಗೆ ಉಣಿಸುವುದು ಇದೇ ಜಲಾಶಯದ ಸಣ್ಣ ಮೀನು. ನೀರು ಇಳಿಯುವುದು ತಡವಾದರೆ ಗಡ್ಡೆ ಏಳುವುದು ತಡ, ಮುಂಗಾರು ಬೇಗ ಬಂದರೆ ಹಾರಲು ಬಾರದ ಮರಿ ನೀರುಪಾಲು. ಹಕ್ಕಿಗೂ 186 ಅಡಿಯ ಲೆಕ್ಕ ತಪ್ಪಿದ್ದಲ್ಲ! ಹಿನ್ನೀರಿನ ಒಂದು ಬದಿಯ ಕಾಡು ಭದ್ರಾ ಅಭಯಾರಣ್ಯ, 1998ರಿಂದ ಹುಲಿ ಯೋಜನೆಯ ಪ್ರದೇಶ. ಆ ಭಾಗದಲ್ಲಿ ಬಲೆಗೂ ಗಾಳಕ್ಕೂ ಅವಕಾಶವಿಲ್ಲ. ಬೇಟೆಯಿಲ್ಲದ ಒಂದಿಷ್ಟು ನೀರಿದ್ದರೆ ಉಳಿದ ನೀರಿಗೂ ಅಲ್ಲಿಂದ ಮೀನು ಬರುತ್ತದೆ ಎಂಬುದನ್ನು ಮೀನುಗಾರರೂ ಬಲ್ಲರು, ಗಡಿಯ ಜಗಳ ಮಾತ್ರ ಮುಗಿದಿಲ್ಲ.

ಏಪ್ರಿಲ್–ಮೇ ಎಂದರೆ ಮಕ್ಕಳಿಗೆ ರಜೆ. ಅಜ್ಜಿ ಮನೆಗೆ ಬಂದ ಹುಡುಗರು ಬಿದಿರು ಕೋಲು, ಎರೆಹುಳು, ತೆಂಗಿನ ಚಿಪ್ಪು ಹಿಡಿದು ನೀರಿನ ಕಡೆ ಹೊರಡುವುದೂ ಆಗಲೇ. ಹೋಗಬೇಡ ಎಂದು ಕಟ್ಟಿಹಾಕುವುದು ಸರಿಯಲ್ಲ. ಎರಡು ಗಂಟೆ ಮಾತಿಲ್ಲದೆ ಬೆಂಡನ್ನೇ ನೋಡುತ್ತಾ ಕೂರುವ ವಿದ್ಯೆಯನ್ನು ಯಾವ ಟ್ಯೂಷನ್ನಿನಲ್ಲೂ ಕಲಿಸುವುದಿಲ್ಲ. ಆದರೆ ಜಲಾಶಯದ ಅಂಚು ಕೆರೆಯ ಅಂಚಿನಂತಲ್ಲ ಎಂಬುದನ್ನು ತಂದೆ–ತಾಯಿ ತಿಳಿದಿರಬೇಕು. ನೋಡಲು ಒಣಗಿದಂತಿರುವ ಕೆಸರಿನ ಪದರದ ಕೆಳಗೆ ಸೊಂಟದುದ್ದ ಹೂಳಿರಬಹುದು. ಮೊಣಕಾಲುದ್ದ ನೀರಿನಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಮುಳುಗಿದ ಹಳೇ ಹೊಳೆಯ ಪಾತ್ರ, ಅಲ್ಲಿ ನೆಲವೇ ಸಿಗುವುದಿಲ್ಲ. ಬೊಡ್ಡೆಗೆ ಸಿಕ್ಕಿದ ಗಾಳ ಬಿಡಿಸಲು ನೀರಿಗಿಳಿದದ್ದೇ ಎಷ್ಟೋ ಅನಾಹುತಗಳ ಆರಂಭ. ಹತ್ತು ರೂಪಾಯಿಯ ಗಾಳ ಹೋದರೆ ಹೋಗಲಿ, ದಾರ ಕತ್ತರಿಸಿಬಿಡಿ. ಕಲಿಯುವ ಮಗುವಿಗೆ ಪರಿಚಯದವರ ಕೃಷಿಹೊಂಡವೋ ಪಂಚಾಯಿತಿಯ ಒಪ್ಪಿಗೆಯಿರುವ ಊರಕೆರೆಯೋ ಸಾಕು, ಜೊತೆಯಲ್ಲಿ ಈಜು ಬಲ್ಲ ದೊಡ್ಡವರೊಬ್ಬರಿರಲಿ. ಗಾಳದ ತುದಿಯ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿದರೆ ಸಣ್ಣ ಮೀನನ್ನು ಗಾಯವಿಲ್ಲದೆ ವಾಪಸು ಬಿಡಬಹುದು, ತಮ್ಮನ ಬೆರಳಿಗೆ ಚುಚ್ಚಿದರೂ ಬಿಡಿಸುವುದು ಸುಲಭ.

ಮೀನಿನ ಬಗ್ಗೆ ಇನ್ನೂ ಆಳವಾಗಿ ಓದಬೇಕೆನ್ನುವ ಪಿಯುಸಿ ವಿಜ್ಞಾನದ ವಿದ್ಯಾರ್ಥಿಗಳಿಗೆ ನಾಲ್ಕು ವರ್ಷದ ಬಿ.ಎಫ್.ಎಸ್ಸಿ. ಪದವಿಯಿದೆ. ದೇಶದ ಮೊತ್ತಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾದದ್ದು ನಮ್ಮ ಮಂಗಳೂರಿನಲ್ಲೇ. ವೈದ್ಯಕೀಯ, ಎಂಜಿನಿಯರಿಂಗ್ ಎಂಬ ಎರಡೇ ಬಾಗಿಲು ತಟ್ಟುವ ಪೋಷಕರು ಇದರತ್ತಲೂ ಒಮ್ಮೆ ನೋಡಬಹುದು.

ಕಟ್ಟೆಯಿಂದ ಪೂರ್ವಕ್ಕೆ

ಲಕ್ಕವಳ್ಳಿಯಿಂದ ಪೂರ್ವಕ್ಕೆ ಬಂದಂತೆ ಕಾಡು ತೆಳುವಾಗಿ, ಅಜ್ಜಂಪುರ, ಕಡೂರು ಎಂದರೆ ಬಯಲು. ಅಲ್ಲಿ ಮೀನಿನ ಲೆಕ್ಕವೇ ಬೇರೆ, ಅದು ಕೆರೆ ತುಂಬುವ–ಬತ್ತುವ ಲೆಕ್ಕ. ಸಖರಾಯಪಟ್ಟಣದ ಬಳಿ ಶಕುನಗಿರಿಯ ಬುಡದ ಅಯ್ಯನಕೆರೆ, ಕಡೂರಿನ ಮದಗದ ಕೆರೆ ಈ ಎರಡು ಗಟ್ಟಿ ನೀರು. ಮಳೆ ಬಂದು ಕೆರೆ ತುಂಬಿದ ಜನಪದ ಹಾಡಿನ ಮದಗದ ಕೆರೆ ತಮ್ಮದೇ ಎಂದು ಕಡೂರಿನವರು ಹೇಳುತ್ತಾರೆ, ಮಾಸೂರಿನವರು ಒಪ್ಪುವುದಿಲ್ಲ. ಉಳಿದ ಸಣ್ಣ ಕೆರೆಗಳಲ್ಲಿ ಬರದ ವರ್ಷ ಮಾರ್ಚಿಗೇ ತಳ ಬಿರುಕು ಬಿಡುತ್ತದೆ. ಪಂಚಾಯಿತಿಯಿಂದ ಹರಾಜಿನಲ್ಲಿ ಕೆರೆ ಹಿಡಿದು ಮರಿ ಬಿಟ್ಟವನ ಮರಿ ಅಂಗೈಯಗಲ ಆಗುವ ಮೊದಲೇ ನೀರು ಮುಗಿಯುತ್ತದೆ. ಅಂಥ ಕೆರೆಗೆ ಮತ್ತೆ ನೀರು ಬಂದಾಗ ಎಲ್ಲಿಂದಲೋ ಕೊರವ ಪ್ರತ್ಯಕ್ಷ. ಗಾಳಿ ಕುಡಿಯಬಲ್ಲ ಈ ಮೀನು ಹಸಿ ಕೆಸರಿನಲ್ಲಿ ಹುದುಗಿ ಕೆಲಕಾಲ ಜೀವ ಹಿಡಿದಿರಬಲ್ಲದು.

ಈಗ ಈ ಎರಡು ಲೋಕಗಳ ನಡುವೆ ಒಂದು ದಾರಿ ಕೊರೆದಾಗಿದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಲಕ್ಕವಳ್ಳಿಯ ನೀರನ್ನು ಪಂಪುಗಳಿಂದ ಎತ್ತಿ, ಅಜ್ಜಂಪುರದ ಬಳಿ ಸುಮಾರು 7 ಕಿಲೋಮೀಟರ್ ಉದ್ದದ ಸುರಂಗದಲ್ಲಿ ಹಾಯಿಸಿ ವೇದಾವತಿಯ ಕಣಿವೆಗೆ ಇಳಿಸುತ್ತಾರೆ. 2019ರಿಂದ ಆ ನೀರು ಹಿರಿಯೂರಿನ ವಾಣಿವಿಲಾಸ ಸಾಗರದವರೆಗೂ ಹೋಗಿದೆ. 1933ರಲ್ಲಿ ಕೋಡಿ ಬಿದ್ದಿದ್ದ ಆ ಮಾರಿಕಣಿವೆ ಜಲಾಶಯ 89 ವರ್ಷಗಳ ನಂತರ 2022ರ ಸೆಪ್ಟೆಂಬರಿನಲ್ಲಿ ಮತ್ತೆ ಕೋಡಿ ಹರಿದಾಗ ಜನ ಜಾತ್ರೆಯಂತೆ ಸೇರಿದ್ದರು. ಮೇಲಿನ ಆಕಾಶದ ಪಾಲೂ ಅದರಲ್ಲಿ ದೊಡ್ಡದಿತ್ತು ಎನ್ನಿ.

ನೀರು ಎತ್ತುವ ಪಂಪಿನ ರೆಕ್ಕೆಗಳ ನಡುವೆ ದೊಡ್ಡ ಮೀನು ಬದುಕಿ ಹೋಗುವುದು ಕಷ್ಟ. ಆದರೆ ಸಾಸಿವೆಗಾತ್ರದ ಮೊಟ್ಟೆಗೆ, ಕಣ್ಣಷ್ಟೇ ಕಾಣುವ ಮರಿಗೆ ಅಷ್ಟು ಅಡ್ಡಿಯಿಲ್ಲ. ಯೋಜನೆಯ ಪಂಪುಗಳು ಓಡುವುದು ಹೆಚ್ಚಾಗಿ ಮಳೆಗಾಲದಲ್ಲಿ, ಮೊಟ್ಟೆ–ಮರಿಗಳು ನೀರಿನಲ್ಲಿ ತೇಲುವುದೂ ಅದೇ ಕಾಲದಲ್ಲಿ. ಪಕ್ಕೆಯೋ ಗಿರ್ಲೋ ಹೋದರೆ ಚಿಂತೆಯಿಲ್ಲ. ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದ, ಆದರೂ ಕದ್ದು ಸಾಕುವ ಆಫ್ರಿಕನ್ ಕ್ಯಾಟ್‌ಫಿಶ್‌ನಂಥ ಹೊಟ್ಟೆಬಾಕ ಮೀನು ಒಂದು ನೀರಿನಿಂದ ಇನ್ನೊಂದಕ್ಕೆ ದಾಟಿದರೆ, ಅಯ್ಯನಕೆರೆ, ಮದಗದ ಕೆರೆಗಳ ಬಯಲುಸೀಮೆಯ ಮೀನುಗಳು ಅದನ್ನು ಎದುರಿಸಲಾರವು. ಅಜ್ಜಂಪುರದ ಸುರಂಗದ ಆಚೆ ಬದಿಯ ಕೆರೆಗಳಲ್ಲಿ ಬಲೆ ಹಾಕುವವರು, ಬುಟ್ಟಿಗೆ ಹೆಸರು ಗೊತ್ತಿಲ್ಲದ ಮೀನು ಬಿದ್ದರೆ ತಿನ್ನುವ ಮೊದಲು ಅದರ ಒಂದು ಫೋಟೋ ತೆಗೆದು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಗೆ ತೋರಿಸುವುದು ಒಳ್ಳೆಯದು. ಆ ಕೆಲಸಕ್ಕೆ ಮನೆಯ ಶಾಲೆಯ ಹುಡುಗ–ಹುಡುಗಿಯರೇ ಸರಿ, ಮೊಬೈಲು ಹೇಗೂ ಅವರ ಕೈಯಲ್ಲೇ ಇರುತ್ತದೆ.